ದೋಣಿಯಲ್ಲಿ ಮಲಗಿದವನ ಚಿತ್ರ

ಆ ಚಿತ್ರದಲ್ಲಿ ಮಲಗಿರುವ ಯೇಸುವನ್ನು ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂತು. ಎರಡು ಅಂಗೈಯಷ್ಟು ಅಗಲದ ರಟ್ಟಿನ ಮೇಲೆ ಬಣ್ಣದಲ್ಲಿ ಬರೆದ ಚಿತ್ರ ಅದು. ಸರೋವರದ ಮಧ್ಯೆ ಬಿರುಗಾಳಿಗೆ ಸಿಕ್ಕಿದ ಒಂದು ದೋಣಿ. ಬರೆದವರು ಅದನ್ನು ನಮ್ಮ ಹಿನ್ನೀರಿನ ಕಡೆ ಕಾಣುವ ಕಿರಿದಾದ ಮರದ ದೋಣಿಯ ಹಾಗೇ ಬರೆದಿದ್ದರು. ಒಳಗಿದ್ದ ಐದು ಮಂದಿ ಶಿಷ್ಯರು ಪಂಚೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿದ್ದರು. ಇಬ್ಬರು ಹುಟ್ಟು ಹಾಕುತ್ತಿದ್ದರು. ಒಬ್ಬ ತಂಬಿಗೆಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದ. ಇನ್ನೊಬ್ಬ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿದ್ದ. ಐದನೆಯವನು ಯೇಸುವಿನ ಭುಜ ಹಿಡಿದು ಅಲುಗಿಸುತ್ತಿದ್ದ. ಯೇಸು ಮಾತ್ರ ಮಡಚಿದ ಕಂಬಳಿಯ ಮೇಲೆ ತಲೆಯಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು, ಗದ್ದೆ ಕೆಲಸ ಮುಗಿಸಿ ಬಂದವರ ಹಾಗೆ ಗಾಢವಾಗಿ ಮಲಗಿದ್ದ. ಸುತ್ತಲಿನ ನೀರು ಕಪ್ಪಗಿತ್ತು.

ಆ ಚಿತ್ರವನ್ನು ನನ್ನ ಕೈಗೆ ಕೊಟ್ಟವರು ತೀರ್ಥಹಳ್ಳಿಯಲ್ಲಿದ್ದ ಒಬ್ಬ ವಯಸ್ಸಾದ ಕನ್ಯಾಸ್ತ್ರೀ. ಅದಕ್ಕಿಂತ ಮುಂಚೆ ನನಗೂ ದೇವರ ಚಿತ್ರಗಳಿಗೂ ಅಷ್ಟಕ್ಕಷ್ಟೆ. ನಾನು ಹುಟ್ಟಿ ಬೆಳೆದದ್ದು ಸಾಗರದಲ್ಲಿ. ಅಪ್ಪ ಕರಾವಳಿಯಿಂದ ಬಂದ ಬಡಗಿ. ಮನೆಯ ನಡುಕೋಣೆಯಲ್ಲಿ ಯೇಸುವಿನ ತಿರುಹೃದಯದ ದೊಡ್ಡ ಪಟ ಇತ್ತು. ಎದೆಯ ಮೇಲೆ ಮುಳ್ಳು ಸುತ್ತಿದ ಕೆಂಪು ಹೃದಯ, ಅದರ ಕೆಳಗೆ ಸಣ್ಣ ಕೆಂಪು ಬಲ್ಬು. ನಾನು ಕೋಣೆಯ ಯಾವ ಮೂಲೆಗೆ ಹೋದರೂ ಆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಸುಳ್ಳು ಹೇಳಿದರೆ, ತಂಗಿಗೆ ಹೊಡೆದರೆ, ಜಪಸರದ ಹೊತ್ತಿಗೆ ತೂಕಡಿಸಿದರೆ ಅಮ್ಮ ಬೆರಳು ತೋರಿಸಿ, "ನೋಡ್ತಿದ್ದಾನೆ" ಎಂದು ಒಂದೇ ಮಾತು ಹೇಳುತ್ತಿದ್ದಳು. ನಾನು ಪ್ರಾರ್ಥನೆಗೆ ಕೂತರೆ ನೆಲ ನೋಡುತ್ತಿದ್ದೆ. ಮದುವೆಯಾಗಿ ಹೊಸನಗರಕ್ಕೆ ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ಮರದ ಶಿಲುಬೆ ಬಿಟ್ಟು ಬೇರೇನೂ ತೂಗುಹಾಕಲಿಲ್ಲ. ಗಂಡ ಕೇಳಲೂ ಇಲ್ಲ. ಅವರು ಮಾಸ್ತಿಕಟ್ಟೆ ಕಡೆ ಕೆಲಸಕ್ಕೆ ಹೋಗುತ್ತಾರೆ, ಬೆಳಗ್ಗೆ ಬೇಗ ಹೊರಡುತ್ತಾರೆ, ಶಿಲುಬೆಯ ಗುರುತು ಹಾಕಿಕೊಂಡು ಹೆಲ್ಮೆಟ್ ಹಾಕಿದರೆ ಅವರ ಪ್ರಾರ್ಥನೆ ಮುಗಿಯಿತು.

ನಾನು ನಿಟ್ಟೂರು ಕಡೆಯ ಒಂದು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿ. ಊರವರಿಗೆ ನರ್ಸಕ್ಕ. ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ಬಿ.ಪಿ., ಸಕ್ಕರೆ ಪರೀಕ್ಷೆ ಮಾಡುವುದು ನನಗೆ ಕಷ್ಟವಲ್ಲ. ಕಷ್ಟವಾಗುತ್ತಿದ್ದುದು ಚಳಿಗಾಲ ಮುಗಿಯುತ್ತ ಬಂದಾಗ. ಕಾಡಿನಲ್ಲಿ ಮಂಗಗಳು ಸಾಯಲು ಶುರುವಾಗುವ ಹೊತ್ತು ಅದು. ಸತ್ತ ಮಂಗದ ಮೈಯಿಂದ ಉದುರಿದ ಉಣುಗು ತರಗೆಲೆಯಲ್ಲಿ ಸೇರಿಕೊಳ್ಳುತ್ತದೆ. ಸೊಪ್ಪಿಗೆ, ಸೌದೆಗೆ, ದನ ಹುಡುಕಲು ಹೋದವರಿಗೆ ಕಚ್ಚಿದರೆ ಮಂಗನ ಕಾಯಿಲೆ. ಸಾಸಿವೆ ಕಾಳಿಗಿಂತ ಚಿಕ್ಕ ಹುಳ, ಕಚ್ಚಿದ್ದು ಗೊತ್ತೂ ಆಗುವುದಿಲ್ಲ. ಇದಕ್ಕೇ ಅಂತ ಔಷಧಿ ಇಲ್ಲ. ಮೊದಲು ಕೊಡುತ್ತಿದ್ದ ಲಸಿಕೆಯೂ ಈಗಿಲ್ಲ. ಮೈಗೆ ಹಚ್ಚಿಕೊಳ್ಳುವ ಎಣ್ಣೆ, ಉದ್ದ ತೋಳಿನ ಅಂಗಿ, ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಇಷ್ಟೇ ನಾವು ಹೇಳಬಹುದಾದದ್ದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಾಗರ ತಾಲೂಕಿನಲ್ಲಿದ್ದಾಗ, ಒಬ್ಬ ಹೆಂಗಸನ್ನು ಆಂಬ್ಯುಲೆನ್ಸಿಗೆ ಹತ್ತಿಸಿದ್ದೆ. ನನ್ನದೇ ವಯಸ್ಸು. ಜ್ವರದಿಂದ ಕಣ್ಣು ಕೆಂಡದ ಹಾಗಾಗಿತ್ತು. ಕುಡಿಯಲು ನೀರು ಕೊಟ್ಟೆ. ಲೋಟ ವಾಪಸು ಕೊಟ್ಟಾಗ ಅದರ ಅಂಚಿನಲ್ಲಿ ರಕ್ತ ಇತ್ತು. ವಸಡಿನಿಂದ ಬಂದದ್ದು. ಅವಳೂ ಅದನ್ನು ನೋಡಿ, ಸೀರೆಯ ಸೆರಗಿನಿಂದ ಒರೆಸಿ, "ಕ್ಷಮ್ಸಿ ಅಕ್ಕ, ಲೋಟ ಹೊಲಸಾಯ್ತು" ಎಂದಳು. ಐದು ದಿನದ ಮೇಲೆ ಅವಳು ಹೋದಳೆಂದು ಸುದ್ದಿ ಬಂತು. ಆಮೇಲೆ ಪ್ರತಿ ವರ್ಷ ಆ ತಿಂಗಳುಗಳು ಬಂದರೆ ನಾನು ಬೆಳಿಗ್ಗೆ ಹಲ್ಲುಜ್ಜುವಾಗ ಉಗುಳಿದ್ದನ್ನು ನೋಡುತ್ತೇನೆ. ಕಾಲಿಗೆ ಎಲೆ ತಾಗಿದರೂ ಬೆಚ್ಚುತ್ತೇನೆ. ಸಂಜೆ ಬಚ್ಚಲಿನಲ್ಲಿ ಬಟ್ಟೆ ತೆಗೆದು, ಕನ್ನಡಿ ಹಿಡಿದು ಬೆನ್ನು, ಕಂಕುಳು, ಕಿವಿಯ ಹಿಂದೆ ಎಲ್ಲ ಹುಡುಕುತ್ತೇನೆ. ಊರವರಿಗೆ ಮಾತ್ರ, "ಹೆದರ್ಬೇಡಿ, ಎಣ್ಣೆ ಹಚ್ಕೊಳ್ಳಿ" ಎನ್ನುತ್ತಿದ್ದೆ.

ಒಂದು ವರ್ಷ ತರಬೇತಿಗೆಂದು ತೀರ್ಥಹಳ್ಳಿಗೆ ಹೋಗಿದ್ದೆ. ಮಾರನೆಯ ದಿನ ಭಾನುವಾರ, ಚರ್ಚಿನ ಬಲಿಪೂಜೆಗೆ ಹೋದೆ. ಪ್ರಸಂಗದ ನಡುವೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು, ಉಸಿರು ಸಿಗದಂತಾಯಿತು. ಎದ್ದು ಹೊರಗೆ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತೆ. ಹಿಂದೆಯೇ ಒಬ್ಬ ಕನ್ಯಾಸ್ತ್ರೀ ಬಂದರು. ಎಪ್ಪತ್ತು ದಾಟಿದವರು, ಒಂದು ಕಾಲು ಎಳೆದು ನಡೆಯುತ್ತಿದ್ದರು. ಏನೂ ಕೇಳದೆ ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿ ಕೂರಿಸಿ ಕಪ್ಪು ಕಾಫಿ ಕೊಟ್ಟರು. ಅವರೂ ಇನ್ನಿಬ್ಬರು ಕನ್ಯಾಸ್ತ್ರೀಯರೂ ಅಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ನಮ್ಮಿಬ್ಬರ ಮಾತು ಕೊಂಕಣಿಯಲ್ಲೇ ನಡೆಯಿತು. ನಾನು ಎಲ್ಲ ಹೇಳಿದೆ, ಲೋಟದ ವಿಷಯವನ್ನೂ.

"ಪ್ರಾರ್ಥನೆ ಮಾಡ್ತೀಯಲ್ಲ?" ಎಂದು ಕೇಳಿದರು.

"ಮಾಡ್ತೀನಿ ಸಿಸ್ಟರ್. ಬಾಯಿ ಹೇಳ್ತಾ ಇರುತ್ತೆ, ತಲೆಯೊಳಗೆ ಉಣುಗು ಓಡಾಡ್ತಾ ಇರುತ್ತೆ."

ಅವರು ನಗಲಿಲ್ಲ. ಒಳಗೆ ಹೋಗಿ ಆ ರಟ್ಟಿನ ಚಿತ್ರ ತಂದರು. ಅವರ ಜೊತೆಯಲ್ಲೇ ಇದ್ದು ತೀರಿಕೊಂಡ ಇನ್ನೊಬ್ಬ ಕನ್ಯಾಸ್ತ್ರೀ ಬರೆದದ್ದಂತೆ. "ದಿನಾ ಬೆಳಗ್ಗೆ ಇದರ ಎದುರು ಹತ್ತು ನಿಮಿಷ ಕೂತ್ಕೋ. ಏನೂ ಬೇಡ್ಕೋಬೇಡ. ಮೊದಲು ಸುಮ್ನೆ ನೋಡು. ನೀರು ನೋಡು, ದೋಣಿ ನೋಡು, ಒಬ್ಬೊಬ್ಬರ ಮುಖ ನೋಡು. ಕಣ್ಣು ಎಲ್ಲಿ ನಿಲ್ಲುತ್ತೋ ಅಲ್ಲಿ ನಿಲ್ಲು. ಆಮೇಲೆ ಅಲ್ಲಿಂದಲೇ ಅವನ ಹತ್ರ ಮಾತಾಡು."

"ಪಟ ಕಂಡ್ರೆ ನಂಗೆ ಭಯ ಸಿಸ್ಟರ್. ಚಿಕ್ಕಂದಿನಿಂದ."

"ಇದ್ರಲ್ಲಿ ಅವನು ಕಣ್ಣು ಮುಚ್ಚಿದಾನಲ್ಲ, ನಿನ್ನನ್ನ ನೋಡೋದಿಲ್ಲ" ಎಂದರು. "ನೀನೇ ನೋಡ್ಬೇಕು. ಮತ್ತೆ, ರಟ್ಟಿಗೆ ಪ್ರಾರ್ಥನೆ ಮಾಡ್ತಿದೀನಿ ಅಂತ ತಿಳ್ಕೋಬೇಡ. ದೂರದಲ್ಲಿರೋ ಮಗನ ಫೋಟೋ ಹಿಡ್ಕೊಂಡು ತಾಯಿ ಮಾತಾಡೋದಿಲ್ವಾ, ಹಾಗೆ."

ನಾನು ಆಗಲೇ ಹೇಳಿದ ಸಿಟ್ಟು ಬಂದದ್ದು ಆ ಕ್ಷಣ. ಐದು ಜನ ಸಾಯುವ ಹಾಗಿದ್ದಾರೆ, ಇವನು ಹೀಗೆ ಮಲಗಿದ್ದಾನಲ್ಲ ಎಂದೆ. "ಅದನ್ನೇ ಅವನಿಗೆ ಹೇಳು" ಎಂದು ಚಿತ್ರವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಅಂದಿನಿಂದ ಗಂಡ ಕೆಲಸಕ್ಕೆ ಹೊರಟ ಮೇಲೆ, ನನ್ನ ಬಸ್ಸಿಗೆ ಇನ್ನೂ ಸಮಯವಿರುವಾಗ, ಅಡುಗೆಮನೆಯ ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಆನಿಸಿ ಅದನ್ನು ಇಟ್ಟುಕೊಂಡು ಕೂರತೊಡಗಿದೆ. ಮೊದಮೊದಲು ನೀರನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬರೆದವರು ಕಪ್ಪಿನ ಮೇಲೆ ಕಪ್ಪು ಬಳಿದು, ಎಲ್ಲೋ ಒಂದೊಂದು ಕಡೆ ಹಸಿರು ಗೀಚಿದ್ದರು. ಸಮಾಧಾನ ಸಿಗುತ್ತದೆ ಅಂದುಕೊಂಡರೆ ಹೆದರಿಕೆಗೆ ಒಂದು ಆಕಾರ ಬಂದಿತ್ತು, ಅಷ್ಟೆ. ಎರಡು ಸಲ ಚಿತ್ರವನ್ನು ವಾಪಸು ಕಳಿಸಿಬಿಡೋಣ ಅನ್ನಿಸಿತು. ಆದರೂ ಕೂತೆ. ಹದಿನೈದು ದಿನ ಕಳೆದ ಮೇಲೆ ತಂಬಿಗೆ ಹಿಡಿದವನ ತೋಳಿನ ನರಗಳು ಕಂಡವು. ಅವನ ಮುಖದಲ್ಲಿ ಹೆದರಿಕೆ ಇತ್ತು, ಕೈ ಮಾತ್ರ ನಿಂತಿರಲಿಲ್ಲ. ನಾನು ಅವನಾಗಬೇಕು ಎಂದು ಆಸೆಪಟ್ಟೆ. ಕಣ್ಣು ಮಾತ್ರ ಪ್ರತಿದಿನ ಅಂಚು ಹಿಡಿದು ಕೂತವನ ಹತ್ತಿರವೇ ಹೋಗಿ ನಿಲ್ಲುತ್ತಿತ್ತು.

ಉಪಕೇಂದ್ರದ ವ್ಯಾಪ್ತಿಯಲ್ಲಿ ನನ್ನ ಜೊತೆ ಓಡಾಡುತ್ತಿದ್ದವಳು ಅದೇ ಊರಿನ ಆಶಾ ಕಾರ್ಯಕರ್ತೆ. ನನಗಿಂತ ಆರೇಳು ವರ್ಷ ಚಿಕ್ಕವಳು. ಹಿಂದೆ ಗೇಣಿ ಮಾಡುತ್ತಿದ್ದು ಆಮೇಲೆ ಆ ಗದ್ದೆ ತಮ್ಮದೇ ಆದ ಮನೆತನ. ಗಂಡ ಪಿಕಪ್ ಓಡಿಸುತ್ತಾನೆ, ಅವಳು ಗದ್ದೆ, ದನ, ಈ ಕೆಲಸ ಮೂರನ್ನೂ ನೋಡಿಕೊಳ್ಳುತ್ತಾಳೆ. ನಡೆದರೆ ಓಡಿದ ಹಾಗೆ. ನನ್ನನ್ನು ಅಕ್ಕ ಎನ್ನುತ್ತಾಳೆ. ಒಂದು ದಿನ ನಾನು ಚೀಲದಲ್ಲಿ ತಂದಿದ್ದ ಆ ಚಿತ್ರ ನೋಡಿ, "ಇದೆಂತ ಅಕ್ಕ, ನಿಮ್ ದೇವ್ರು ನಿದ್ದೆ ಹೊಡೀತಿದಾರೆ?" ಎಂದು ಕೇಳಿದಳು. ನಾನು ಕಥೆ ಹೇಳಿದೆ. ಶಿಷ್ಯರು ಎಬ್ಬಿಸಿದ ಮೇಲೆ ಎದ್ದು ಗಾಳಿಯನ್ನು ಗದರಿಸಿದನೆಂದೂ, ಗಾಳಿ ನಿಂತಿತೆಂದೂ ಹೇಳಿದೆ. "ಹಂಗಾದ್ರೆ ಅಡ್ಡಿಲ್ಲ ಬಿಡಿ. ಕರೆದ್ರೆ ಏಳೋರು" ಎಂದಳು.

ಮರುವರ್ಷದ ಬೇಸಗೆಯ ಆರಂಭದಲ್ಲಿ, ಊರಿನ ಮೇಲ್ಭಾಗದ ಕಾಡಂಚಿನಲ್ಲಿ ಮಂಗ ಸತ್ತಿದೆಯೆಂದು ಫೋನು ಬಂತು. ಎರಡೇ ದಿನದಲ್ಲಿ ಇನ್ನೊಂದು. ಡಾಕ್ಟರು, ಪಶುವೈದ್ಯರು ಎಲ್ಲ ಬಂದು, ಮಾದರಿ ತೆಗೆದು, ಸುಟ್ಟು, ಸುತ್ತ ಉಣುಗು ಸಾಯುವ ಪುಡಿ ಹಾಕಿ ಹೋದರು. ಸುತ್ತಲಿನ ಮನೆಗಳಿಗೆ ಹೋಗಿ ಜ್ವರ ಯಾರಿಗಿದೆ ಎಂದು ಪಟ್ಟಿ ಮಾಡುವುದು, ಎಣ್ಣೆ ಹಂಚುವುದು ನಮ್ಮ ಪಾಲಿನ ಕೆಲಸ. ಕೆಳಗಿನ ಮನೆಗಳನ್ನು ಇಬ್ಬರೂ ಸೇರಿ ಮುಗಿಸಿದೆವು. ಮೇಲೆ ಮೂರು ಮನೆ ಉಳಿದವು. ಅಲ್ಲಿಗೆ ಹೋಗುವ ದಾರಿ ಸತ್ತ ಮಂಗ ಸಿಕ್ಕ ಜಾಗದ ಪಕ್ಕದಲ್ಲೇ, ಮೊಣಕಾಲೆತ್ತರದ ತರಗೆಲೆಯ ನಡುವೆ. ಅಲ್ಲಿನ ಒಂದು ಮನೆಯಲ್ಲಿ ಅಜ್ಜಿಗೆ ಜ್ವರ ಎಂದು ಸುದ್ದಿ ಇತ್ತು.

ಆ ಗುರುವಾರ ಬೆಳಗ್ಗೆ ಚಿತ್ರದ ಎದುರು ಕೂತಾಗಲೇ ನನಗೆ ಹೋಗಲಾಗುವುದಿಲ್ಲ ಎಂದು ಗೊತ್ತಾಗಿತ್ತು. ಹತ್ತು ನಿಮಿಷ ಕೂರಲಿಲ್ಲ. ಎರಡು ನಿಮಿಷಕ್ಕೆ ಎದ್ದುಬಿಟ್ಟೆ. ಉಪಕೇಂದ್ರದ ಬಾಗಿಲಲ್ಲಿ ಅವಳು ಪ್ಯಾಂಟಿನ ಕಾಲನ್ನು ಸಾಕ್ಸಿನೊಳಗೆ ಸೇರಿಸಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ತಯಾರಾಗಿ ನಿಂತಿದ್ದಳು.

"ಹೋಗಾಣ ಅಕ್ಕ?"

"ನಂಗೆ ಇವತ್ತು ಆನ್‌ಲೈನ್ ರಿಪೋರ್ಟ್ ಹಾಕ್ಬೇಕು. ಮೇಲಿಂದ ಎರಡು ಸಲ ಫೋನ್ ಬಂತು. ನೀನೇ ಹೋಗ್ಬಾ."

ಮೂರು ದಿನದಿಂದ ನೆಟ್‌ವರ್ಕ್ ಇರಲಿಲ್ಲ. ಯಾವ ಫೋನೂ ಬಂದಿರಲಿಲ್ಲ. ಅದು ಅವಳಿಗೂ ಗೊತ್ತು, ಅವಳಿಗೆ ಗೊತ್ತಿದೆ ಎಂದು ನನಗೂ ಗೊತ್ತು. ಅವಳು ಒಂದು ಕ್ಷಣ ನನ್ನ ಮುಖ ನೋಡಿ, "ಆಯ್ತು" ಎಂದಳು. ಅವಳ ಬಾಟಲಿಯಲ್ಲಿ ಎಣ್ಣೆ ತಳಕ್ಕೆ ಬಂದಿತ್ತು. ನನ್ನ ತುಂಬಿದ ಬಾಟಲಿ ಕೊಟ್ಟು, ಸರಿಯಾಗಿ ಹಚ್ಕೋ ಎಂದು ನಾಲ್ಕು ಸಲ ಹೇಳಿದೆ. ಅವಳು ಏರು ಹತ್ತಿ ಹೋದಳು. ನಾನು ಮೇಜಿನ ಎದುರು ಕೂತು, ಹಳೆಯ ರಿಜಿಸ್ಟರಿಗೆ ಸ್ಕೇಲಿನಿಂದ ಗೆರೆ ಹಾಕಿದೆ. ಮಧ್ಯಾಹ್ನ ವಾಪಸು ಬಂದಳು. ಅಜ್ಜಿಯದು ಬರೇ ಶೀತದ ಜ್ವರ ಅನ್ನಿಸುತ್ತೆ ಎಂದಳು. ಊಟದ ಡಬ್ಬಿ ತೆಗೆದಳು. ನಾನು ಅವಳ ಅಂಗಿಯ ಮೇಲೆ ಏನಾದರೂ ಹರಿದಾಡುತ್ತಿದೆಯೇ ಎಂದು ನೋಡುತ್ತಿದ್ದೆ. ಅವಳಿಗೆ ಕಚ್ಚಿದೆಯೇ ಎಂದು ನೋಡಿದೆನೋ, ನನ್ನ ಕಡೆ ಬರುತ್ತಿದೆಯೇ ಎಂದು ನೋಡಿದೆನೋ, ಇವತ್ತಿಗೂ ಹೇಳಲಾರೆ.

ಆರನೆಯ ದಿನ ಅವಳು ಕೆಲಸಕ್ಕೆ ಬರಲಿಲ್ಲ. ಗಂಡ ಪಿಕಪ್ಪಿನಲ್ಲಿ ಕರೆದುಕೊಂಡು ಬಂದ. ಜ್ವರ ನೂರಮೂರು ದಾಟಿತ್ತು. "ತಲೆ ಒಡೆದು ಹೋಗೋ ಹಂಗೆ ನೋಯ್ತದೆ ಅಕ್ಕ. ಸೊಂಟ ಮುರಿದಂಗೆ" ಎಂದಳು. ಕಣ್ಣು ಕೆಂಪಗಿತ್ತು. ರಕ್ತ ತೆಗೆಯಬೇಕಿತ್ತು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂದು ನೂರಾರು ಜನರಿಗೆ ನಾನೇ ಹೇಳಿದ್ದೇನೆ. ಆದರೂ ಗ್ಲೌಸ್ ಎರಡು ಜೊತೆ ಹಾಕಿಕೊಂಡೆ. ಸೂಜಿ ಚುಚ್ಚಿದರೆ ಮೊದಲ ಸಲ ನರ ಸಿಗಲಿಲ್ಲ. ಅವಳು ಕೈ ಹಿಂದಕ್ಕೆ ಎಳೆಯಲಿಲ್ಲ. ಇನ್ನೊಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದು, "ನಿಧಾನ ಅಕ್ಕ" ಎಂದಳು.

ಎರಡು ದಿನದಲ್ಲಿ ಫಲಿತಾಂಶ ಬಂತು. ಮಂಗನ ಕಾಯಿಲೆಯೇ. ಅವಳನ್ನು ತೀರ್ಥಹಳ್ಳಿಯ ಆಸ್ಪತ್ರೆಗೆ ಸೇರಿಸಿದರು. ಆ ಸಂಜೆ ನಾನು ಚಿತ್ರವನ್ನು ಅಲಮಾರಿಯಲ್ಲಿ ಬೆಡ್‌ಶೀಟುಗಳ ಕೆಳಗೆ ಇಟ್ಟೆ. ಅಂಚು ಹಿಡಿದು ಕೂತವನನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಅವನಾದರೂ ತನ್ನ ಜಾಗಕ್ಕೆ ಬೇರೆ ಯಾರನ್ನೂ ನೂಕಿರಲಿಲ್ಲ. ಗಂಡನಿಗೆ ಹೇಳಿದೆ. ಅವರು, "ನೀನೇ ಹೋಗಿದ್ರೆ ನಿಂಗೆ ಬರ್ತಿತ್ತು. ಆಗ ನಾನೆಂತ ಮಾಡ್ತಿದ್ದೆ?" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಆ ಮಾತು ಕೇಳಿ ಒಂದು ಕ್ಷಣ ನನಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ಇನ್ನಷ್ಟು ಹೆದರಿದೆ.

ಆಸ್ಪತ್ರೆಗೆ ಹೋದೆ. ಅವಳು ಬಿಳಿಚಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಳು. ಪಕ್ಕದಲ್ಲಿ ಅವಳ ಅಮ್ಮ. "ನರ್ಸಕ್ಕ ಬಂದ್ರಾ, ಇನ್ನು ನಂಗೆ ಧೈರ್ಯ" ಎಂದು ಆ ತಾಯಿ ನನ್ನ ಕೈ ಹಿಡಿದುಕೊಂಡಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಲ್ಲಿಂದ ನೇರ ಸಿಸ್ಟರ ಮನೆಗೆ ನಡೆದೆ. ಅವರು ಹೊಲಿಗೆ ಯಂತ್ರದ ಎದುರು ಕೂತು ಲಂಗಕ್ಕೆ ಅಂಚು ಹಾಕುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಅವರು ಯಂತ್ರ ನಿಲ್ಲಿಸಿ ಕೇಳಿದರು.

"ಚಿತ್ರ ಎಲ್ಲಿಟ್ಟಿದೀಯ?"

"ಬಟ್ಟೆ ಕೆಳಗೆ."

"ಫಾದರ್ ಹತ್ರ ಪಾಪನಿವೇದನೆ ಮಾಡ್ದೆಯಾ?"

"ಮಾಡ್ತೀನಿ."

"ಮಾಡು. ಆದ್ರೆ ದೇವರಿಗೆ ಹೇಳೋದು ಸುಲಭ, ಬಾಯೆ. ಅವಳಿಗೆ ಹೇಳ್ದೆಯಾ?"

ಬಾಯೆ ಅಂದರೆ ನಮ್ಮಲ್ಲಿ ಮಗಳೇ ಎಂದ ಹಾಗೆ. ಆ ಒಂದು ಪದಕ್ಕೆ ನನಗೆ ಅಳು ಬಂತು. ಅವಳು ಈಗ ಕೇಳುವ ಸ್ಥಿತಿಯಲ್ಲಿಲ್ಲ ಎಂದೆ. "ಸರಿ, ಅವಳು ಕೇಳೋ ಹಾಗಾಗಲಿ ಅಂತ ಮೊದಲು ಅವನನ್ನ ಎಬ್ಬಿಸು. ಧೈರ್ಯ ಇದ್ದವರು ಯಾರೂ ಅವನನ್ನ ಎಬ್ಬಿಸಲಿಲ್ಲ, ನೆನಪಿಟ್ಕೋ. ಹೆದರಿದವರೇ ಎಬ್ಬಿಸಿದ್ದು" ಎಂದರು. ನನ್ನನ್ನು ಕ್ಷಮಿಸಿದ ಹಾಗೆ ಅವರು ಒಂದು ಮಾತೂ ಆಡಲಿಲ್ಲ. ಮತ್ತೆ ಲಂಗ ಎತ್ತಿಕೊಂಡರು.

ಮರುದಿನ ಬೆಳಗ್ಗೆ ಮತ್ತೆ ಆಸ್ಪತ್ರೆಗೆ ಹೋದಾಗ ಅವಳ ಪ್ಲೇಟ್‌ಲೆಟ್ ಇಳಿದಿತ್ತು. ಕರಾವಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದರು. ಆಂಬ್ಯುಲೆನ್ಸಿನಲ್ಲಿ ಜೊತೆಗೆ ಯಾರು ಬರುತ್ತೀರಿ ಎಂದಾಗ ಅವಳ ಅಮ್ಮ ನನ್ನತ್ತ ನೋಡಿದಳು. ಹತ್ತಿ ಕೂತೆ. ಬೆಳಗಿನ ಹತ್ತು ಗಂಟೆ. ಘಾಟಿಯ ತಿರುವುಗಳಲ್ಲಿ ಡ್ರಿಪ್ ಬಾಟಲಿ ಆ ಕಡೆ ಈ ಕಡೆ ಬಡಿಯುತ್ತಿತ್ತು. ನಾನು ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಸ್ಟ್ರೆಚರಿನ ಕಂಬಿ ಹಿಡಿದಿದ್ದೆ. ಒಂದು ತಿರುವಿನಲ್ಲಿ ಅವಳು ಕೆಮ್ಮಿದಳು. ತುಟಿಯ ಮೂಲೆಯಲ್ಲಿ ರಕ್ತ ಕಂಡಿತು.

ಕಂಬಿ ಹಿಡಿದ ನನ್ನ ಬೆರಳುಗಳು ಬಿಳಿಯಾಗಿದ್ದವು. ಅಲಮಾರಿಯಲ್ಲಿದ್ದ ಚಿತ್ರ ಇಡೀ ಕಣ್ಣೆದುರು ಬಂತು. ಒಂದು ವರ್ಷ ದಿನಾ ನೋಡಿದ್ದೆನಲ್ಲ, ಪ್ರತಿ ಗೆರೆಯೂ ಗೊತ್ತಿತ್ತು. ಆಗ ಮೊದಲ ಬಾರಿ ನನ್ನ ಕಣ್ಣು ಭುಜ ಅಲುಗಿಸುವವನ ಮೇಲೆ ನಿಂತಿತು. ಅವನ ಬೆರಳು ಯೇಸುವಿನ ಅಂಗಿಯನ್ನು ಮುದ್ದೆ ಮಾಡಿ ಹಿಡಿದಿತ್ತು. ಭಕ್ತಿಯ ಹಿಡಿತ ಅಲ್ಲ ಅದು, ಜಗಳಕ್ಕೆ ನಿಂತವನ ಹಿಡಿತ. ನಾನು ಬಾಯಿ ಬಿಟ್ಟೇ ಹೇಳಿದೆ. "ಏಳು. ಸಾಯ್ತಿದಾಳೆ ಇವಳು. ನನ್ನಿಂದಾಗಿ ಸಾಯ್ತಿದಾಳೆ. ಏಳು ನೀನು." ಕೊಂಕಣಿಯಲ್ಲಿ ಹೇಳಿದ್ದರಿಂದ ಅವಳ ಅಮ್ಮನಿಗೆ ಅರ್ಥವಾಗಲಿಲ್ಲ. ಅವಳೂ ತನ್ನ ದೇವರ ಹೆಸರು ಹೇಳಿಕೊಳ್ಳುತ್ತಿದ್ದಳು. ನಾನು ಕಂಬಿ ಬಿಟ್ಟು, ಹತ್ತಿ ತೆಗೆದುಕೊಂಡು, ನನ್ನ ಜೊತೆಗಾತಿಯ ಬಾಯಿ ಒರೆಸಿದೆ. ಗ್ಲೌಸ್ ಹಾಕಿಕೊಂಡಿರಲಿಲ್ಲ ಎಂದು ಗೊತ್ತಾದದ್ದು ಆಮೇಲೆ. ನನ್ನ ಹೆದರಿಕೆ ಹೋಗಿರಲಿಲ್ಲ.

ಅವಳು ಬದುಕಿದಳು. ಹನ್ನೆರಡು ದಿನ ಅಲ್ಲಿದ್ದಳು. ಮನೆಗೆ ಬಂದ ವಾರದೊಳಗೆ ಎರಡನೆಯ ಸಲ ಜ್ವರ ತಿರುಗಿ ಬಂತು. ಕೈ ನಡುಕ, ಮಾತು ತೊದಲು. ಆ ನಾಲ್ಕು ದಿನ ಮೊದಲಿನದಕ್ಕಿಂತ ಕೆಟ್ಟದಾಗಿ ಕಳೆದವು. ನಾನು ಚಿತ್ರವನ್ನು ಬಟ್ಟೆಗಳ ಕೆಳಗಿಂದ ತೆಗೆದು ಮತ್ತೆ ಮೇಜಿನ ಮೇಲಿಟ್ಟೆ. ಹತ್ತು ನಿಮಿಷದ ಲೆಕ್ಕ ಬಿಟ್ಟುಹೋಯಿತು. ಅನ್ನಕ್ಕೆ ಇಟ್ಟು ಬಂದು ಒಂದು ಸಲ, ಬಟ್ಟೆ ಒಣಗಿಸಿ ಬಂದು ಒಂದು ಸಲ, ನಿಂತು ನೋಡಿ ಅದೇ ಮಾತು ಹೇಳುತ್ತಿದ್ದೆ. ಏಳು. ಗಂಡ ಒಂದು ದಿನ ಹೆಲ್ಮೆಟ್ ಕೈಯಲ್ಲಿ ಹಿಡಿದು ನನ್ನ ಪಕ್ಕ ನಿಂತರು. ಸ್ವಲ್ಪ ಹೊತ್ತು ನೋಡಿ ಹೊರಟರು. ಆ ಜ್ವರವೂ ಇಳಿಯಿತು.

ಅವಳು ಎದ್ದು ಕೂರುವಂತಾದ ಮೇಲೆ ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಕೂದಲು ಉದುರಿ ತಲೆಗೆ ಸ್ಕಾರ್ಫ್ ಕಟ್ಟಿದ್ದಳು. ದಾರಿಯುದ್ದಕ್ಕೂ ನಾನು ಹೇಗೆ ಶುರು ಮಾಡಬೇಕೆಂದು ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಅಲ್ಲಿ ಅದ್ಯಾವುದೂ ನೆನಪಾಗಲಿಲ್ಲ.

"ಅವತ್ತು ರಿಪೋರ್ಟ್ ಇರ್ಲಿಲ್ಲ. ನಂಗೆ ಹೆದರಿಕೆ ಆಗಿತ್ತು. ಅದಕ್ಕೆ ನಿನ್ನ ಕಳಿಸ್ದೆ" ಎಂದೆ.

ಅವಳು ಅಂಗಳದಲ್ಲಿ ಹರವಿದ್ದ ಮೆಣಸಿನಕಾಯಿ ನೋಡುತ್ತ ಕೂತಳು. ಒಳಗೆ ಮಿಕ್ಸಿ ಓಡಿ ನಿಂತಿತು.

"ಗೊತ್ತಿತ್ತು ನಂಗೆ" ಎಂದಳು ಕೊನೆಗೆ. "ನಂಗೆಂತ ಹೆದ್ರಿಕೆ ಇರ್ಲಿಲ್ವಾ ಅಕ್ಕ? ಹಿಂದಿನ ದಿನ ರಾತ್ರಿ ನಿದ್ದೆನೇ ಬಂದಿರ್ಲಿಲ್ಲ. ನೀವು ಹೆದ್ರಿಕೆ ಆಗ್ತದೆ ಅಂತ ಒಂದ್ ಮಾತು ಹೇಳಿದ್ರೆ ನಾನೂ ಹೇಳ್ತಿದ್ದೆ. ಇಬ್ರೂ ಕೈ ಹಿಡ್ಕೊಂಡಾದ್ರೂ ಹೋಗ್ತಿದ್ವಿ. ಇಲ್ಲ, ಇಬ್ರೂ ಹೋಗ್ತಿರ್ಲಿಲ್ಲ."

"ತಪ್ಪಾಯ್ತು."

"ಆಯ್ತು. ಈಗ ನೀವು ಹೋಗಿ ಅಕ್ಕ. ನಂಗೆ ಮಲಗ್ಬೇಕು."

ಅವಳ ಅಮ್ಮ ಒಳಗಿನಿಂದ, "ಚಾ ಕುಡಿದು ಹೋಗಿ" ಎಂದು ಕೂಗಿದಳು. ಬಸ್ಸಿದೆ ಎಂದು ಹೇಳಿ ಹೊರಟೆ. ಆಮೇಲೆ ತುಂಬ ದಿನ ಅವಳು ನನಗೆ ಫೋನು ಮಾಡಲಿಲ್ಲ, ನಾನು ಮಾಡಿದರೆ ಅವಳ ಗಂಡ ಎತ್ತುತ್ತಿದ್ದ. ಮಳೆಗಾಲ ಶುರುವಾಗಿ ಮಂಗನ ಕಾಯಿಲೆಯ ಸುದ್ದಿ ನಿಂತ ಮೇಲೆಯೂ ನನಗೆ ಬೆಳಗ್ಗೆ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಮೊದಲು ಹುಳಕ್ಕೆ ಹೆದರುತ್ತಿದ್ದೆ, ಈಗ ನನಗೇ ಹೆದರುತ್ತಿದ್ದೆ. ಇನ್ನೊಂದು ಸಲ ಅಂಥ ಬೆಳಗು ಬಂದರೆ ನಾನು ಏನು ಮಾಡುತ್ತೇನೆ ಎಂಬುದು ನನಗೆ ಗೊತ್ತಿರಲಿಲ್ಲ. ಚಿತ್ರದ ಎದುರು ಕೂತು ಅದನ್ನೇ ಹೇಳಿಕೊಳ್ಳುತ್ತಿದ್ದೆ. ನನ್ನ ಮೇಲೆ ನನಗೆ ನಂಬಿಕೆಯಿಲ್ಲ, ನೀನಾದರೂ ಈ ದೋಣಿಯಲ್ಲೇ ಇರು ಎಂದು. ಮಲಗಿದ್ದರೂ ಪರವಾಗಿಲ್ಲ ಎಂದು ಹೇಳುವಷ್ಟು ನಮ್ಮಿಬ್ಬರ ನಡುವೆ ಸಲಿಗೆ ಬೆಳೆದಿತ್ತು.

ಶ್ರಾವಣದ ಹೊತ್ತಿಗೆ ಅವಳು ಕೆಲಸಕ್ಕೆ ಬಂದಳು. ಮೊದಲ ಕೆಲವು ವಾರ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಅಕ್ಕ ಎನ್ನುವುದನ್ನು ಬಿಟ್ಟು ಬೇರೆ ಕಾರ್ಯಕರ್ತೆಯರ ಹಾಗೆ ಮೇಡಂ ಎನ್ನತೊಡಗಿದ್ದಳು. ಅದನ್ನು ನಾನು ಕೇಳಿಸಿಕೊಳ್ಳಬೇಕಿತ್ತು, ಕೇಳಿಸಿಕೊಂಡೆ.

ಈ ವರ್ಷ ಮಾಘದಲ್ಲಿ ಮತ್ತೆ ಫೋನು ಬಂತು. ಅದೇ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಮಂಗ ಸತ್ತಿತ್ತು. ಅವಳು ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಒಮ್ಮೆ ಕಾಯಿಲೆ ಬಂದವಳನ್ನು ಅಲ್ಲಿಗೆ ಕಳಿಸುವ ಮಾತೇ ಇರಲಿಲ್ಲ. ಹೊಸದಾಗಿ ಬಂದ ಇನ್ನೊಬ್ಬ ಕಾರ್ಯಕರ್ತೆಯನ್ನು ಕಳಿಸಬಹುದಿತ್ತು. ನನ್ನ ನಾಲಿಗೆಯ ತುದಿಗೆ ಒಂದು ರಿಪೋರ್ಟು, ಒಂದು ಮೀಟಿಂಗು ಬಂದು ನಿಂತದ್ದು ಸುಳ್ಳಲ್ಲ.

"ನಂಗೆ ಹೆದರಿಕೆ ಆಗ್ತಿದೆ" ಎಂದೆ.

ಅವಳು ತಲೆ ಎತ್ತಿದಳು. "ಆಗ್ಲೇಬೇಕಲ್ಲ" ಎಂದಳು. ಎದ್ದು ಬಂದು, ನನ್ನ ಪ್ಯಾಂಟಿನ ಕಾಲನ್ನು ತಾನೇ ಸಾಕ್ಸಿನೊಳಗೆ ತುರುಕಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿದಳು. ಕುತ್ತಿಗೆಯ ಹಿಂದೆ, ಕಿವಿಯ ಬುಡದಲ್ಲಿ ಎಣ್ಣೆ ಹಚ್ಚಿದಳು. ಅವಳ ಬೆರಳುಗಳು ಇನ್ನೂ ಸ್ವಲ್ಪ ನಡುಗುತ್ತವೆ. "ಗುಡ್ಡದ ಬುಡದ ಗೇಟಿನ ತನಕ ನಾನೂ ಬರ್ತೀನಿ. ಆಮೇಲೆ ನೀವು ಜೋರಾಗಿ ಮಾತಾಡ್ತಾ ಹೋಗಿ, ನಂಗೆ ಕೇಳ್ಬೇಕು."

ಗೇಟು ದಾಟಿ ಮೇಲೆ ಹತ್ತಿದೆ. ಏನು ಮಾತಾಡುವುದೆಂದು ಗೊತ್ತಾಗದೆ, ಬಾಯಿಗೆ ಬಂದ ಜಪವನ್ನು ಜೋರಾಗಿ ಹೇಳುತ್ತ ನಡೆದೆ. ತರಗೆಲೆ ಕಾಲ ಕೆಳಗೆ ಸದ್ದು ಮಾಡಿದಾಗಲೆಲ್ಲ ದನಿ ಇನ್ನಷ್ಟು ಏರಿಸಿದೆ. ನಾಲ್ಕು ಮನೆ. ಎರಡನೆಯ ಮನೆಯಲ್ಲಿ ಒಬ್ಬನಿಗೆ ಜ್ವರ, ರಕ್ತ ತೆಗೆದುಕೊಂಡೆ. ಕೊನೆಯ ಮನೆಯವರು ನನ್ನ ಬೆವರು ನೋಡಿ ಕೂರಲು ಮಣೆ ಹಾಕಿದರು. ಇಳಿದು ಬರುವಾಗ ಗಂಟಲು ಒಣಗಿ ಜಪ ನಿಂತುಹೋಗಿತ್ತು.

ಕೆಳಗಿನಿಂದ ಅವಳ ಧ್ವನಿ ಕೇಳಿತು. "ಅಕ್ಕಾ, ಯಾಕೆ ಸುಮ್ನಾದ್ರಿ?"

"ಬಂದೆ" ಎಂದು ಕೂಗಿದೆ.